ಏಳು ದಿನದ ಬೋರ್ಡು

ಶಿರ್ತಾಡಿಯ ಮುಂಡಪ್ಪನ ಬಸಳೆ ಚಪ್ಪರಕ್ಕೆ ದನದ ಭಯ ಇರಲಿಲ್ಲ. ಇದ್ದದ್ದು ನೆರೆಮನೆಯ ಪ್ರೇಮಕ್ಕನ ಭಯ. ಅವರ ಅಂಗಳದಲ್ಲಿ ಬಸಳೆಯ ಒಂದು ಬಳ್ಳಿಯೂ ಇಲ್ಲ. "ನಾಲ್ಕು ದಂಟು ತೆಗೀತೇನೆ ಮುಂಡಪ್ಪಣ್ಣಾ" ಎಂದು ಕೂಗುವಾಗ ಹದಿನಾಲ್ಕು ದಂಟು ಆಗಲೇ ಸೆರಗಿನಲ್ಲಿರುತ್ತಿತ್ತು.

ಕಳೆದ ಭಾನುವಾರ ಹೆಂಡತಿ ಸುಗಂಧಿಯ ಅಣ್ಣ ಅಶೋಕ್ ಫೋನ್ ಮಾಡಿದ. ದುಬೈಯಿಂದ ರಜೆಯಲ್ಲಿ ಬಂದಿದ್ದ.

"ಬರುವ ಭಾನುವಾರ ಊಟಕ್ಕೆ ಬರ್ತೇನೆ ಭಾವ. ನಿಮ್ಮ ಕೈಯಲ್ಲಿ ಒಂದು ಮೆಣಸಿನ ಗಿಡವಾದರೂ ಬದುಕಿದ್ದುಂಟಾ?"

"ನನ್ನದೇ ಬಸಳೆ ಹಾಕಿ ಮರುವಾಯಿ ಗಸಿ ಮಾಡಿಸ್ತೇನೆ. ತಿಂದು ಮತ್ತೆ ಮಾತಾಡಿ!"

ಚಿಪ್ಪುಮೀನಿನ ಗಟ್ಟಿ ಸಾರಿನ ಪಂಥವೇನೋ ಕಟ್ಟಿಯಾಯಿತು. ಅಲ್ಲಿಯವರೆಗೆ ಬಸಳೆ ಉಳಿಯಬೇಕಲ್ಲ? ಅಂದೇ ನವಾಝನ ಗೊಬ್ಬರದಂಗಡಿಯ ಹಿಂದೆ ಬಿದ್ದಿದ್ದ ಶಿಲೀಂಧ್ರನಾಶಕದ ಖಾಲಿ ಪ್ಯಾಕೆಟನ್ನು ಹೆಕ್ಕಿ ತಂದು ಚಪ್ಪರಕ್ಕೆ ತೂಗುಹಾಕಿದ. ಪಕ್ಕದಲ್ಲಿ ರಟ್ಟಿನ ಬೋರ್ಡು: 'ಮದ್ದು ಬಿಟ್ಟಿದೆ. ಏಳು ದಿನ ಕೊಯ್ಯಬಾರದು.' ಬಿಟ್ಟದ್ದು ಮದ್ದಲ್ಲ, ಬರೀ ಸುಳ್ಳು. ಆದರೂ ಪ್ರೇಮಕ್ಕ ಬೇಲಿ ದಾಟಲಿಲ್ಲ.

ಭಾನುವಾರ ಬೆಳಿಗ್ಗೆ ಮುಂಡಪ್ಪ ಮೂಡುಬಿದಿರೆಗೆ ಹೋಗಿ ಮರುವಾಯಿ ತಂದ. ಬಂದು ನೋಡಿದರೆ ಬಸಳೆಯೆಲ್ಲ ಮದುವೆ ಮನೆಯ ಗೋಡೆಯ ಹಾಗೆ ಬೆಳ್ಳಗಾಗಿದೆ! ಬೆನ್ನಿಗೆ ಪಂಪು ಕಟ್ಟಿಕೊಂಡು ನವಾಝ್ ನಿಂತಿದ್ದಾನೆ.

"ಎಂತ ಮಾಡಿದ್ದು ಮಾರಾಯ!"

"ಎಲೆಗೆ ಚುಕ್ಕೆ ಬಂದಿದೆ ಅಂತ ಪ್ರೇಮಕ್ಕ ಫೋನ್ ಮಾಡಿದ್ರು ಮುಂಡಪ್ಪಣ್ಣ. ಬಂದು ನೋಡಿದ್ರೆ ನಿಮ್ಮ ಪ್ಯಾಕೆಟು ಡೇಟ್ ಬಾರ್! ನನ್ನ ಅಂಗಡಿಯ ಮಾಲು, ಮರ್ಯಾದೆ ಪ್ರಶ್ನೆ ಅಲ್ವಾ? ಹೊಸತು ಬಿಟ್ಟಿದ್ದೇನೆ. ಚುಕ್ಕೆ, ಕೊಳೆ, ಬೂದಿ ಎಲ್ಲದಕ್ಕೂ ಇದೊಂದೇ."

ಯಾರ ಮನೆಯ ಪೂಜೆಗೂ ತಪ್ಪದೆ ಹೋಗುವ ಪಂಚಾಯತ್ ಮೆಂಬರನಂಥ ಮದ್ದು. 'ನಾನು ಮೊದಲು ಬಿಟ್ಟೇ ಇರಲಿಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬೇಲಿಯಾಚೆ ಪ್ರೇಮಕ್ಕನ ತಲೆ ಕಂಡದ್ದೇ ಮಾತು ಒಳಗೆ ಹೋಯಿತು.

"ಮರುವಾಯಿಗೆ ಈಗ ಎಂತ ಹಾಕುವುದು? ನಿಮ್ಮ ಬೋರ್ಡಾ?" ಸುಗಂಧಿ ಸಿಡುಕಿದಳು.

ಅಷ್ಟರಲ್ಲಿ ಪ್ರೇಮಕ್ಕ ಹಿಂಬಾಗಿಲಿಗೆ ದೊಡ್ಡ ಪಾತ್ರೆ ಹಿಡಿದು ಬಂದರು. ಬಸಳೆ ಗಸಿ!

"ಬೋರ್ಡಿನ ಏಳು ದಿನ ಇವತ್ತು ಬೆಳಿಗ್ಗೆ ಮುಗೀತಲ್ಲ ಮುಂಡಪ್ಪಣ್ಣ, ನಾನು ಲೆಕ್ಕ ಇಟ್ಟಿದ್ದೆ. ನವಾಝ್ ಬರುವ ಮೊದಲೇ ಒಳ್ಳೆದೆಲ್ಲ ಕೊಯ್ದೆ. ನೆಂಟರು ಬರ್ತಾರೆ ಅಂತ ನಿಮಗೂ ತಂದೆ."

ಮುಂಡಪ್ಪನಿಗೆ ಜೀವ ಬಂತು. ಬಸಳೆ ತನ್ನದೇ ತಾನೇ?

ಮಧ್ಯಾಹ್ನ ಊಟಕ್ಕೆ ಕೂತ ಅಶೋಕ್ ಪ್ರೇಮಕ್ಕನ ಕೈಯಿಂದಲೇ ಎರಡು ಸಲ ಬಡಿಸಿಕೊಂಡ. "ಫಸ್ಟ್ ಕ್ಲಾಸ್! ಇದು ನಿಮ್ಮ ಬಸಳೆಯಾ ಭಾವ?"

"ಮತ್ತೆ? ನನ್ನದೇ!"

ಅಶೋಕನ ಕೈ ಬಾಯಿಯ ಹತ್ತಿರ ನಿಂತಿತು. ಕಿಟಕಿಯಾಚೆ ಬೆಳ್ಳಗಿನ ಚಪ್ಪರ, ಅದರ ಬೋರ್ಡು. "ಮದ್ದು ಬಿಟ್ಟ ಬಸಳೆ ತಿನ್ನಿಸಿದಿರಾ?"

"ಛೆ ಛೆ," ಮುಂಡಪ್ಪ ಬೆವರಿದ. "ತಮಾಷೆ ಮಾಡಿದ್ದು. ಇದು... ಪ್ರೇಮಕ್ಕನದ್ದು."

"ಹಾಗೆ ಹೇಳಿ! ಬೆಳೆಸಿದರೆ ಹೀಗೆ ಬೆಳೆಸಬೇಕು. ಇವರಿಂದ ನಾಲ್ಕು ದಂಟು ತಂದು ನೆಡಿ ಭಾವ."

"ಅದಕ್ಕೇನು," ಎಂದರು ಪ್ರೇಮಕ್ಕ, ಸೆರಗು ಸರಿಮಾಡಿಕೊಳ್ಳುತ್ತ. "ಹದಿನಾಲ್ಕು ಕೊಡ್ತೇನೆ."