ದೊಡ್ಡಮ್ಮನ ಮಾತು ಕೇಳದ ಎಡಗೈ

ನಮ್ಮ ದೊಡ್ಡಮ್ಮನ ಮಾತನ್ನು ಮೀರಿದ ಜೀವ ಈ ಭೂಮಿಯ ಮೇಲೆ ಒಂದೇ ಒಂದು. ಅದು ಅವರ ಎಡಗೈ! ಈ ಸುದ್ದಿ ತಿಳಿದಾಗ ಭದ್ರಾವತಿಯಲ್ಲಿ ಅವರ ಹಳೆಯ ಶಿಷ್ಯೆಯರು ಮೇಲ್ನೋಟಕ್ಕೆ ಅಯ್ಯೋ ಅಂದು ಒಳಗೊಳಗೇ ಪೇಡ ಹಂಚಿರಬೇಕು ಎಂದು ನನ್ನ ಗುಮಾನಿ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಯಾರಿಗಿತ್ತು? ಭದ್ರಾವತಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಿವೃತ್ತಿ ಶಾಲೆಯಿಂದ ಮಾತ್ರ, ಕಲಿಸುವುದರಿಂದ ಅಲ್ಲ! ತರಕಾರಿಯವನಿಗೆ ತಕ್ಕಡಿ ಹಿಡಿಯುವುದನ್ನು, ಅರ್ಚಕರಿಗೆ ಗಂಟೆ ಬಾರಿಸುವುದನ್ನು, ನನ್ನ ಹೆಂಡತಿಗೆ ಅವಳದೇ ತವರಿನ ಸಾರು ಮಾಡುವುದನ್ನು ಕಲಿಸಿದ ಮಹಾತಾಯಿ.

ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಅವರ ನಾಲಿಗೆ ತೊದಲಿತು. ಎಡಗೈ, ಎಡಗಾಲು ಸೋತವು. ಪಕ್ಕದ ಮನೆಯವರು ತಡಮಾಡದೆ ಶಿವಮೊಗ್ಗದ ಆಸ್ಪತ್ರೆಗೆ ಕರೆತಂದರು. ನಾವು ಜೀವ ಕೈಯಲ್ಲಿ ಹಿಡಿದುಕೊಂಡು ಓಡಿದೆವು. ಡಾಕ್ಟರು ಅವರ ಮುಖದ ಹತ್ತಿರ ಬಗ್ಗಿ, "ಅಮ್ಮಾ, ಸ್ವಲ್ಪ ನಗಿ ನೋಡೋಣ" ಎಂದರು. ಬಾಯಿ ಒಂದು ಕಡೆ ವಾಲಿದೆಯೇ ಎಂದು ತಿಳಿಯಲು ಹಾಗೆ ಕೇಳುತ್ತಾರಂತೆ.

ದೊಡ್ಡಮ್ಮ ತೊದಲುತ್ತಲೇ, "ಕಾರಣ?" ಎಂದರು.

ಡಾಕ್ಟರು ನಮ್ಮ ಕಡೆ ತಿರುಗಿದರು. "ಮೊದ್ಲು ಇವ್ರು ನಗ್ತಿದ್ದಾಗ ಮುಖ ಹೇಗಿರ್ತಿತ್ತು?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನೋಡಿದವರಿದ್ದರೆ ತಾನೆ ಹೇಳುವುದು!

ಜೀವ ಉಳಿಯಿತು. ಮಾತು ಮರಳಿತು, ಮೊದಲಿಗಿಂತ ಜೋರಾಗಿ. ಕೋಲೂರಿ ನಡೆಯುವಂತೆಯೂ ಆದರು. ಎಡಗೈ ಮಾತ್ರ ಹಟ ಹಿಡಿಯಿತು. ಮೊದಮೊದಲು ಒದ್ದೆ ಟವೆಲ್ಲಿನಂತೆ ಜೋತಾಡುತ್ತಿದ್ದದ್ದು ಕೆಲವು ವಾರಗಳಲ್ಲಿ ಬಿಗಿಯತೊಡಗಿತು. ಮೊಣಕೈ ಮಡಚಿಕೊಂಡಿತು, ಹೆಬ್ಬೆರಳು ಒಳಗೆ ಸೇರಿಕೊಂಡು ಮುಷ್ಟಿ ಕಟ್ಟಿತು. "ಸ್ಪಾಸ್ಟಿಸಿಟಿ" ಎಂದರು ಡಾಕ್ಟರು. ಸಡಿಲವಾಗು ಎಂಬ ಮೆದುಳಿನ ಅಪ್ಪಣೆ ಸ್ನಾಯುಗಳಿಗೆ ಸರಿಯಾಗಿ ತಲುಪುತ್ತಿಲ್ಲವಂತೆ.

"ನನ್ನ ಅಪ್ಪಣೆ ತಲುಪ್ತಿಲ್ವಾ?" ದೊಡ್ಡಮ್ಮನಿಗೆ ಲಕ್ವಕ್ಕಿಂತ ಇದೇ ದೊಡ್ಡ ಅವಮಾನ!

ಶಿವಮೊಗ್ಗದಲ್ಲೇ, ವಿದ್ಯಾನಗರದ ನಮ್ಮ ಮನೆಯಲ್ಲಿದ್ದುಕೊಂಡು ಫಿಸಿಯೋಥೆರಪಿಗೆ ಹೋಗುವುದೆಂದು ತೀರ್ಮಾನವಾಯಿತು. ತಮ್ಮ ಕೈಯನ್ನು ತಾವೇ ಬಿಡಿಸಿ ತೊಳೆದುಕೊಳ್ಳುವಂತಾದ ದಿನ ಭದ್ರಾವತಿಗೆ ವಾಪಸ್, ಇದು ಅವರೇ ಹಾಕಿಕೊಂಡ ಷರತ್ತು. ಅಲ್ಲಿಯವರೆಗೆ ಆ ಕೆಲಸ ನನ್ನ ಹೆಂಡತಿಯದು. ಮುಚ್ಚಿದ ಮುಷ್ಟಿಯೊಳಗೆ ಬೆವರು ನಿಂತರೆ ಹುಣ್ಣಾಗುತ್ತದೆ, ಉಗುರು ನೆಟ್ಟುಕೊಳ್ಳುತ್ತದೆ. ಅವಳು ಬಿಸಿನೀರಿನಲ್ಲಿ ಬೆರಳು ಬಿಡಿಸುವಾಗ ದೊಡ್ಡಮ್ಮ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದರು, ಆ ಕೈ ಯಾರದೋ, ತಮಗೆ ಪರಿಚಯವೇ ಇಲ್ಲ ಎಂಬಂತೆ.

ಫಿಸಿಯೋಥೆರಪಿಸ್ಟ್ ಒಬ್ಬ ಸಾಧು ಮನುಷ್ಯ. "ಅಮ್ಮಾ, ಸಿಟ್ಟು ಮಾಡ್ಕೊಂಡ್ರೆ ಕೈ ಇನ್ನೂ ಬಿಗಿಯಾಗುತ್ತೆ" ಎಂದ.

"ಹಾಗಾದ್ರೆ ಸಿಟ್ಟು ಬರ್ಸಬೇಡ."

ಪಾಪ, ಅಂದಿನಿಂದ ಅವನು ಕೈಯನ್ನು ನಮಸ್ಕಾರ ಮಾಡಿಯೇ ಮುಟ್ಟುತ್ತಿದ್ದ.

ಇಂಥವರನ್ನು ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಬಾರದಿತ್ತು. ಹೋದೆ! ಬಟ್ಟೆ ಅಂಗಡಿಯಲ್ಲಿ ದೊಡ್ಡಮ್ಮ ಒಂದು ಕಾಟನ್ ಸೀರೆಯ ಸೆರಗನ್ನು ಎಡ ಮುಷ್ಟಿಗೆ ಸಿಕ್ಕಿಸಿ, ಬಲಗೈಯಲ್ಲಿ ನೇಯ್ಗೆ ತಿಕ್ಕಿ ನೋಡಿದರು. "ಬೇಡ, ಬಣ್ಣ ಚೆನ್ನಾಗಿಲ್ಲ" ಎಂದರು. ಅಂಗಡಿಯವನು ಸೀರೆ ಎಳೆದುಕೊಂಡ. ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಎಳೆದಷ್ಟೂ ಮುಷ್ಟಿ ಬಿಗಿಯಿತು! ಮೊಣಕೈ ಮಡಚಿ ಸೀರೆ ದೊಡ್ಡಮ್ಮನ ಎದೆಗೇ ಬಂದು ಸೇರಿತು.

"ಅರೇ, ಬಿಡಿ ಅಮ್ಮಾ!"

"ನಾನು ಬಿಟ್ಟು ಎಷ್ಟೊತ್ತಾಯ್ತು ಮಾರಾಯ. ಅದು ಬಿಡ್ತಿಲ್ಲ."

ಸುತ್ತ ಜನ ಸೇರಿದರು. ನಾನು ಬೆವರಿದೆ. ದೊಡ್ಡಮ್ಮ ಮಾತ್ರ ತಮ್ಮ ಮುಷ್ಟಿಯನ್ನೊಮ್ಮೆ ದಿಟ್ಟಿಸಿ, "ಹೋಗ್ಲಿ, ಅದಕ್ಕೆ ಇಷ್ಟ ಆಗಿದೆ ಅಂತ ಕಾಣುತ್ತೆ. ಪ್ಯಾಕ್ ಮಾಡಿ" ಎಂದರು.

ಇದಕ್ಕಿಂತ ದೊಡ್ಡ ಫಜೀತಿ ಕೋಟೆಯ ದೇವಸ್ಥಾನದ ಪ್ರವಚನದಲ್ಲಿ ಕಾದಿತ್ತು. ಆ ಕೈಗೆ ಇನ್ನೊಂದು ಚಾಳಿಯಿದೆ. ದೊಡ್ಡಮ್ಮ ಆಕಳಿಸಿದರೆ ಸಾಕು, ಅದು ತಾನಾಗಿ ಮೇಲೇಳುತ್ತದೆ! ಲಕ್ವ ಹೊಡೆದ ಕೆಲವರಿಗೆ ಹೀಗಾಗುವುದುಂಟಂತೆ. ಪ್ರವಚನಕಾರರು ವೈರಾಗ್ಯದ ಬಗ್ಗೆ ಬಹಳ ಹೊತ್ತಿನಿಂದ ಹೇಳುತ್ತಿದ್ದರು. ದೊಡ್ಡಮ್ಮ ಮುಂದಿನ ಸಾಲಿನಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿದು ಆಕಳಿಸಿದರು. ಕೈ ಎದ್ದಿತು.

"ತಾಯಿಯವರದೇನೋ ಪ್ರಶ್ನೆ ಇದೆ" ಎಂದು ಪ್ರವಚನಕಾರರು ಪ್ರಸನ್ನರಾಗಿ ನಿಲ್ಲಿಸಿದರು.

ಆಕಳಿಕೆ ಎಂದು ಒಪ್ಪಿಕೊಂಡರೆ ಅವರು ನಮ್ಮ ದೊಡ್ಡಮ್ಮ ಹೇಗಾದಾರು? ಎದ್ದು ನಿಂತರು. "ವೈರಾಗ್ಯ ಅಂದ್ರೆ ಬಿಟ್ಟುಬಿಡೋದು ಅಂದ್ರಿ. ಮನಸ್ಸು ಬಿಟ್ಟಿದೆ, ಕೈ ಬಿಡ್ತಿಲ್ಲ. ಆಗ?"

ಸಭೆಯೆಲ್ಲ ತಲೆದೂಗಿತು. ಪ್ರವಚನಕಾರರು ನೀರು ಕುಡಿದರು. ಸಾವರಿಸಿಕೊಂಡು ಉತ್ತರ ಶುರುಮಾಡಿದರು. ಉತ್ತರ ಉದ್ದವಾಯಿತು. ದೊಡ್ಡಮ್ಮ ಮತ್ತೆ ಆಕಳಿಸಿದರು! ಕೊನೆಗೆ ಕಾರ್ಯಕರ್ತರೊಬ್ಬರು ನನ್ನ ಕಿವಿಯಲ್ಲಿ, "ನಾಳೆ ಅಮ್ಮನೋರಿಗೆ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡ್ಸಿ ಕರ್ಕೊಂಡ್ ಬನ್ನಿ ಸಾರ್" ಎಂದು ಕೈಮುಗಿದರು.

ಹೀಗೆ ದಿನಗಳು ಸಾಗುತ್ತಿದ್ದಾಗ, ಹೋದ ತಿಂಗಳು ಫಿಸಿಯೋಥೆರಪಿಗೆ ಹೋದಾಗ ಹೊರಗಿನ ಬೆಂಚಿನ ಮೇಲೆ ಒಬ್ಬಳು ಹುಡುಗಿ ಕೂತಿದ್ದಳು. ಬಾಣಂತನದಲ್ಲೇ ಲಕ್ವ ಹೊಡೆದಿತ್ತಂತೆ. ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಪಕ್ಕದಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಅವಳ ತಾಯಿ, "ಒಳಗೆ ಬರಲ್ಲ ಅಂತಾಳೆ. ಯಾರಿಗೂ ಕೈ ಮುಟ್ಟಕ್ಕೆ ಬಿಡಲ್ಲ. ಮಗೂನೂ ಹತ್ರ ಸೇರ್ಸಲ್ಲ" ಎಂದು ನನ್ನೆದುರು ಕಣ್ಣೊರೆಸಿಕೊಂಡರು.

ದೊಡ್ಡಮ್ಮ ಎದ್ದು ಹೋಗಿ ಹುಡುಗಿಯ ಪಕ್ಕ ಕೂತರು. ಇನ್ನೇನು ಪಾಠ ಶುರುವಾಯಿತು ಎಂದು ನಾನು ಹೆದರಿದೆ.

ಅವರು ಬಲಗೈಯಿಂದ ತಮ್ಮ ಎಡ ಮುಷ್ಟಿಯನ್ನೆತ್ತಿ ಅವಳ ತೊಡೆಯ ಮೇಲಿಟ್ಟರು. "ಇದನ್ನ ಸ್ವಲ್ಪ ಬಿಡಿಸ್ಕೊಡಮ್ಮ. ನಂಗೆ ಆಗ್ತಿಲ್ಲ."

ಹುಡುಗಿ ಅವರನ್ನೇ ನೋಡಿದಳು. ಆಮೇಲೆ ಅವಳ ಎಡಗೈ ಮೆಲ್ಲಗೆ ಮುಂದೆ ಬಂತು.

"ಎಳೀಬೇಡ. ಹಾಗೇ ಹಿಡ್ಕೊ, ಅದೇ ಬರುತ್ತೆ."

ಒಂದೊಂದೇ ಬೆರಳು ಬಿಚ್ಚಿಕೊಂಡಿತು. ಅಂಗೈಯಲ್ಲಿ ಉಗುರಿನ ಗುರುತುಗಳು ಕೆಂಪಗಿದ್ದವು. ಹುಡುಗಿ ಅವುಗಳ ಮೇಲೆ ಬೆರಳಾಡಿಸಿ, "ನೋವಾಗುತ್ತಾ?" ಎಂದು ಕೇಳಿದಳು.

"ಆಗುತ್ತೆ" ಎಂದರು ದೊಡ್ಡಮ್ಮ. "ನಾಚಿಕೆನೂ ಆಗುತ್ತೆ."

ಹುಡುಗಿ ಸೆರಗು ಸರಿಸಿದಳು. ಮಡಚಿಕೊಂಡಿದ್ದ ತನ್ನ ಬಲಗೈಯನ್ನು ಹೊರಗೆ ತಂದು ದೊಡ್ಡಮ್ಮನ ಬಿಚ್ಚಿದ ಅಂಗೈಯ ಮೇಲಿಟ್ಟಳು. ದೊಡ್ಡಮ್ಮನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಮತ್ತೆ ಮಡಚಿಕೊಂಡವು, ಆ ಪುಟ್ಟ ಮುಷ್ಟಿಯ ಸುತ್ತ.