ನಾಲಿಗೆ ತೋರಿಸಿ, ಒಳಗೆ ಬನ್ನಿ

ಒಮಾನಿನಲ್ಲಿ ಅತಿ ಹೆಚ್ಚು ನಾಲಿಗೆಗಳನ್ನು ನೋಡಿದವರು ಯಾರೆಂದು ಸ್ಪರ್ಧೆ ಇಟ್ಟರೆ ಡಾಕ್ಟರುಗಳೆಲ್ಲ ಎರಡನೆಯ ಬಹುಮಾನಕ್ಕೆ ಬಡಿದಾಡಿಕೊಳ್ಳಬೇಕಾದೀತು. ಮೊದಲನೆಯದು ನಮ್ಮ ಭಾವನಿಗೇ!

ಭಾವ ಎಂದರೆ ನನ್ನ ಗಂಡನ ಅಣ್ಣ. ಎಂಬತ್ತರ ದಶಕದ ಕೊನೆಗೆ ನಾವು ವಾದಿ ಕಬೀರಿನ ಒಂದೇ ಕಟ್ಟಡದಲ್ಲಿ ಎದುರುಬದುರು ಫ್ಲ್ಯಾಟುಗಳಲ್ಲಿದ್ದೆವು. ಕೆಳಗೆ ಗ್ಯಾರೇಜುಗಳ ಸುತ್ತಿಗೆ ಸದ್ದು, ಮೇಲೆ ನಮ್ಮ ಒಗ್ಗರಣೆಯ ಸದ್ದು. ಭಾವನ ಬಾಗಿಲು ತಟ್ಟಿದರೆ ‘ಬನ್ನಿ, ಕೂತ್ಕೊಳ್ಳಿ’ ಎಂಬ ಉಪಚಾರಕ್ಕೂ ಮೊದಲು ‘ಎಲ್ಲಿ, ನಾಲಿಗೆ ನೋಡುವ’ ಎಂಬ ಅಪ್ಪಣೆ. ನನ್ನ ಮಗನಂತೂ ಇದು ಹಲ್ಲುಜ್ಜಿದ್ದರ ತಪಾಸಣೆ ಎಂದೇ ತಿಳಿದಿದ್ದ. “ದೊಡ್ಡಪ್ಪ, ಐ ಹ್ಯಾವ್ ಬ್ರಷ್ಡ್” ಎಂದು ಹೊಸ್ತಿಲಲ್ಲೇ ಹೇಳಿಬಿಡುತ್ತಿದ್ದ.

ಭಾವ ಗಾಡಿಗಳ ಬಿಡಿಭಾಗದ ಅಂಗಡಿಯೊಂದರಲ್ಲಿ ಮ್ಯಾನೇಜರು. ಅಲ್ಲಿಗೆ ಬರುತ್ತಿದ್ದ ಮಲೇಷ್ಯಾದ ಚೀನೀ ಇಂಜಿನಿಯರ್ ಒಬ್ಬರು ಕೆಲಸ ಮುಗಿಸಿ ಊರಿಗೆ ಮರಳುವಾಗ, ಗೋಡೆಗೆ ತೂಗುಹಾಕುವ ಪಟವೊಂದನ್ನು ಭಾವನಿಗೆ ಕೊಟ್ಟು ಹೋದರು. ಪಟದಲ್ಲೊಂದು ಚಕ್ರ. ಚಕ್ರದಲ್ಲಿ ಮರ, ಬೆಂಕಿ, ಮಣ್ಣು, ಲೋಹ, ನೀರು. ಒಂದು ಇನ್ನೊಂದನ್ನು ಹೆರುತ್ತದಂತೆ. ಒಂದೊಂದಕ್ಕೂ ದೇಹದಲ್ಲೊಂದು ಅಂಗ, ಮನಸ್ಸಿನಲ್ಲೊಂದು ಭಾವನೆ: ಮರಕ್ಕೆ ಯಕೃತ್ತು ಮತ್ತು ಸಿಟ್ಟು, ಬೆಂಕಿಗೆ ಹೃದಯ ಮತ್ತು ಸಂತೋಷ, ಮಣ್ಣಿಗೆ ಹೊಟ್ಟೆ ಮತ್ತು ಚಿಂತೆ, ಲೋಹಕ್ಕೆ ಶ್ವಾಸಕೋಶ ಮತ್ತು ದುಃಖ, ನೀರಿಗೆ ಮೂತ್ರಪಿಂಡ ಮತ್ತು ಹೆದರಿಕೆ. ಹುಟ್ಟಿದ ಇಸವಿಯ ಕೊನೆಯ ಅಂಕಿ ಹೇಳಿದರೆ ಸಾಕು, ನೀವು ಯಾವುದರಿಂದ ಮಾಡಲ್ಪಟ್ಟವರು ಎಂದು ಭಾವ ಹೇಳಿಬಿಡುತ್ತಿದ್ದರು. ಒಳಗೆ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದನ್ನು ಮಾತ್ರ ನಾಲಿಗೆಯೇ ಹೇಳಬೇಕಂತೆ. ಪಟ ಬಹಳ ದಿನ ದೇವರ ಫೋಟೋದ ಪಕ್ಕ ತಲೆಕೆಳಗಾಗಿಯೇ ತೂಗುತ್ತಿತ್ತು. ನಾನು ಮೆಲ್ಲನೆ ಹೇಳಿದಾಗ ಭಾವ ಕೊಂಚವೂ ಅಳುಕಲಿಲ್ಲ. “ಚಕ್ರಕ್ಕೆ ಎಂಥ ತಲೆ, ಎಂಥ ಕಾಲು ಮಾರಾಯ್ತಿ?”

ನನ್ನ ಗಂಡನಿಗೆ ಅಣ್ಣನನ್ನು ಕೆಣಕದಿದ್ದರೆ ಊಟ ಸೇರದು. “ನಮ್ಮ ಪಂಚಭೂತದಲ್ಲಿ ಗಾಳಿ ಉಂಟು, ಆಕಾಶ ಉಂಟು. ನಿನ್ನ ಚೀನಾದವರು ಉಸಿರಾಡುವುದೇ ಇಲ್ವಾ ಅಣ್ಣ?” ಎಂದು ಕೇಳಿದರು. ಜೂನ್ ತಿಂಗಳು, ಅಂದು ಕರೆಂಟು ಬೇರೆ ಹೋಗಿತ್ತು. ಭಾವ ಕಿಟಕಿ ತೆರೆದು, ಕದಲದೆ ನಿಂತ ಪರದೆಯನ್ನು ತೋರಿಸಿದರು. “ಎಲ್ಲುಂಟು ನಿನ್ನ ಗಾಳಿ? ತೋರಿಸು.” ಚೀನಾಕ್ಕೆ ಜಯ!

ನಾನು ಲೋಹವಂತೆ. ಕಾನ್ವೆಂಟಿನ ಸಿಸ್ಟರುಗಳಿಂದ ಏಳು ವರ್ಷ ‘ಸಾಫ್ಟ್ ಸ್ಪೋಕನ್’ ಎಂದು ಹೊಗಳಿಸಿಕೊಂಡ ನಾನು ಲೋಹವೇ? ನನ್ನ ಗಂಡ ಮಾತ್ರ ಇದೊಂದು ವಿಷಯದಲ್ಲಿ ಅಣ್ಣನ ಶಾಸ್ತ್ರಕ್ಕೆ ತಲೆಬಾಗಿದರು.

ಭಾವ ಸ್ವತಃ ಬೆಂಕಿ. ಬೆಂಕಿಯವರಿಗೆ ಖಾರ ವರ್ಜ್ಯವೆಂದು ತಾವೇ ತೀರ್ಮಾನಿಸಿ, ವರ್ಷಾನುಗಟ್ಟಲೆ ಸೌತೆಕಾಯಿ, ಮೊಸರು, ಮೋಸಂಬಿಯಲ್ಲಿ ಬದುಕಿದ್ದರು. ಮೂಗು ಸದಾ ಸೊರಸೊರ. ಆಗ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ಮಗನ ತಟ್ಟೆಯ ಸೌತೆಕಾಯಿ ನೋಡಿ, ಕಾರಣ ಕೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. “ಅದು ಮಾಸ್ಟ್ರು ಬರೆದ ವರ್ಷ ಮಗಾ. ಪಕ್ಕದ ಮನೆಯವನ ಜೊತೆ ನಾನೂ ಶಾಲೆಗೆ ಹೋಗ್ತೇನೆ ಅಂತ ನೀನು ಹಠ ಹಿಡಿದದ್ದಕ್ಕೆ ವಯಸ್ಸಿಗೆ ಎರಡು ವರ್ಷ ಕೂಡಿಸಿ ಬರೆದರು.”

ನಮ್ಮ ಕರಾವಳಿಯಲ್ಲಿ ಇದೇನು ಹೊಸತೇ? ಶಾಲೆಯ ಮಾಸ್ಟ್ರ ಕೃಪೆಯಿಂದ ಅರ್ಧ ಊರು ಹುಟ್ಟಿದ್ದೇ ಜೂನ್ ಒಂದರಂದು! ಆದರೆ ವಯಸ್ಸಿನಿಂದ ಆ ಎರಡು ವರ್ಷ ಕಳೆದರೆ ಭಾವ ಬೆಂಕಿಯಲ್ಲ, ಮಣ್ಣು. ಬೇರೆಯವರಾಗಿದ್ದರೆ ಪಟವನ್ನೇ ಇಳಿಸಿಬಿಡುತ್ತಿದ್ದರು. ಭಾವ ಸೌತೆಕಾಯಿಯನ್ನು ಪಕ್ಕಕ್ಕೆ ತಳ್ಳಿ, ಗೆದ್ದವರ ಮುಖ ಮಾಡಿ, “ನೋಡಿದ್ರಾ? ಮಣ್ಣಿಗೆ ಇಷ್ಟು ನೀರು ಹಾಕಿದರೆ ಕೆಸರಾಗದೆ ಮತ್ತೆಂಥ ಆಗ್ತದೆ? ಅದಕ್ಕೇ ನನಗೆ ಶೀತ” ಎಂದರು. ಅಂದೇ ಸಂಜೆ ಕೋಳಿ ರೊಟ್ಟಿಗೆ ಆರ್ಡರು ಹೋಯಿತು. ಶೀತವೂ ಹೋಯಿತು.

ಅವರ ಅಂಗಡಿಯ ಕಫೀಲ್, ಅಂದರೆ ಒಮಾನಿ ಯಜಮಾನರು, ರುಸ್ತಾಕಿನ ಕಡೆಯ ದೊಡ್ಡ ಮನುಷ್ಯರು. ಅವರು ಅಂಗಡಿಗೆ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಭಾವನೂ ಎದ್ದು ನಿಂತರು, ನಿಂತು ನಾಲಿಗೆ ತೋರಿಸಲು ಹೇಳಿದರು! ಕೆಲಸಗಾರರು ಭಾವನಿಗೆ ಊರಿನ ಟಿಕೆಟು ಬುಕ್ಕಾಯಿತೆಂದೇ ಭಾವಿಸಿದರಂತೆ. ಯಜಮಾನರು ಅತ್ತಿತ್ತ ನೋಡಿ, ಗಡ್ಡ ಸವರಿ, ನಾಲಿಗೆ ಹೊರಹಾಕಿದರು. ಮಣ್ಣು ಹೆಚ್ಚಾಗಿದೆ, ಸಿಹಿ ಖಲಾಸ್, ಹಲ್ವ ಬಂದ್ ಎಂದು ಭಾವನ ತೀರ್ಪು. ಯಜಮಾನರು ನಿಜಕ್ಕೂ ಹಲ್ವ ಬಿಟ್ಟರು, ಹಗುರಾದರು, ಅಂದಿನಿಂದ ಭಾವನನ್ನು ಹಕೀಮ್ ಎಂದೇ ಕರೆದರು. ಅವರ ಮನೆಗೆ ಬರುತ್ತಿದ್ದ ಹಲ್ವವೆಲ್ಲ ಈಗ ಹಕೀಮರ ಮನೆಗೆ ಬರತೊಡಗಿತು. ಅವರ ಮಣ್ಣು ಇಳಿಯಿತು, ನಮ್ಮೆಲ್ಲರ ಮಣ್ಣು ಏರಿತು!

ಇಂಥ ಹಕೀಮರು ಸೋತದ್ದು ನನ್ನ ಕೆಮ್ಮಿನ ಎದುರು.

ಊರಿನಲ್ಲಿ ಅಮ್ಮ ತೀರಿಕೊಂಡಾಗ ನನ್ನ ಪಾಸ್‌ಪೋರ್ಟು ವೀಸಾ ನವೀಕರಣಕ್ಕೆ ಹೋಗಿತ್ತು. ಅದು ಕೈಸೇರುವ ಹೊತ್ತಿಗೆ ಅಲ್ಲಿ ಎಲ್ಲವೂ ಮುಗಿದಿತ್ತು. ನಾನು ಮಗನ ಟಿಫಿನ್ ಕಟ್ಟಿದೆ, ಗಂಡನ ಅಂಗಿಗೆ ಇಸ್ತ್ರಿ ಹಾಕಿದೆ. ಅಳು ಮಾತ್ರ ಬರಲಿಲ್ಲ. ಬಂದದ್ದು ಒಣ ಕೆಮ್ಮು. ಎಕ್ಸ್‌ರೇ ತೆಗೆದ ಡಾಕ್ಟರು ಏನೂ ಇಲ್ಲ ಎಂದರು. ನವೆಂಬರಿನ ರಾಜ್ಯೋತ್ಸವದಲ್ಲಿ ಹೆಂಗಸರ ಹಾಡಿಗೆ ಮೊದಲ ದನಿ ಪ್ರತಿವರ್ಷವೂ ನನ್ನದೇ. ಹಾಡುವುದನ್ನು ಕಲಿಸಿದವಳು ಅಮ್ಮ. ಆ ವರ್ಷ ಪಲ್ಲವಿಯ ಎರಡನೆಯ ಸಾಲಿಗೇ ಕೆಮ್ಮು ಹತ್ತುತ್ತಿತ್ತು. ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಲು ಬಾಯಿ ಬಾರದೆ, ಪ್ರಾಕ್ಟೀಸಿಗೆ ಹೋಗುವುದನ್ನೇ ಬಿಟ್ಟೆ.

ಲೋಹಕ್ಕೆ ಬಿಳಿ ಬಣ್ಣ ಒಳ್ಳೆಯದೆಂದು ಭಾವ ಮೂಲಂಗಿ ತಂದರು, ಬೆಳ್ಳುಳ್ಳಿ ತಂದರು, ಪೇರ್ ಹಣ್ಣು ಬೇಯಿಸಿ ಕೊಟ್ಟರು. ಕೆಮ್ಮು ಎಲ್ಲವನ್ನೂ ತಿಂದು ಕೊಬ್ಬಿತು. ಭಾವ ಪಟದ ಮುಂದೆ ಕೈಕಟ್ಟಿ ನಿಲ್ಲತೊಡಗಿದರು. ಆಮೇಲೆ ರಜೆ ಹಾಕಿ ಅಕ್ಕನೊಂದಿಗೆ, ಅಂದರೆ ನನ್ನ ಓರಗಿತ್ತಿಯೊಂದಿಗೆ, ಊರಿಗೆ ಹೋದರು.

ಮರಳಿ ಬಂದವರು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಹಾಲಿನ ಪುಡಿಯ ದೊಡ್ಡ ಡಬ್ಬವೊಂದನ್ನು ಇಟ್ಟರು. ಮುಚ್ಚಳದ ಮೇಲೆ ನನ್ನದೇ ಅಕ್ಷರ: ‘ಅಮ್ಮನಿಗೆ’. ಹಿಂದೆ ನಾನು ಕಳಿಸಿದ ಡಬ್ಬ. ಒಳಗೆ ಅಮ್ಮನ ಬಸಳೆ ಚಪ್ಪರದ ಬುಡದ ಮಣ್ಣು, ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆಯ ತುಂಡುಗಳು.

“ಲೋಹ ಸೊರಗಿದರೆ ಲೋಹಕ್ಕೆ ಮದ್ದು ಕೊಡುವುದಲ್ಲ, ಅದನ್ನು ಹೆತ್ತದ್ದಕ್ಕೆ ಕೊಡಬೇಕು. ಲೋಹವನ್ನು ಹೆರುವುದು ಮಣ್ಣು. ಪಟದಲ್ಲೇ ಉಂಟು, ನನಗೆ ಕಂಡದ್ದು ತಡ ಆಯ್ತು.”

ನನಗೆ ಗಾಬರಿ. “ಇದನ್ನು ಕುಡಿಯಬೇಕಾ ಭಾವ?”

“ನೆಡಬೇಕು ಮಾರಾಯ್ತಿ!”

ಕುಂಡಕ್ಕೆ ಸುರಿದು ಬೆರಳು ಇಳಿಸಿದೆ. ಮಣ್ಣಿನಲ್ಲೊಂದು ಸುಟ್ಟ ತೆಂಗಿನ ಚಿಪ್ಪಿನ ಚೂರು ಸಿಕ್ಕಿತು. ಅಮ್ಮ ಬೆಳಿಗ್ಗೆ ಒಲೆಯ ಬೂದಿಯನ್ನು ಬಸಳೆಯ ಬುಡಕ್ಕೆ ಹಾಕುತ್ತಿದ್ದಳು. ಆ ಚೂರನ್ನು ಹಿಡಿದುಕೊಂಡು ಬಾಲ್ಕನಿಯ ನೆಲದ ಮೇಲೆ ಕುಳಿತೆ. ಆಮೇಲೆ ನಾನು ಎಷ್ಟು ಅತ್ತೆನೆಂದರೆ, ಕೆಳಗಿನ ಗ್ಯಾರೇಜಿನಲ್ಲಿ ಸುತ್ತಿಗೆ ನಿಂತಿತು.

ಬಸಳೆ ಚಿಗುರಿತು. ಕಬ್ಬಿಣದ ಗ್ರಿಲ್ ಹಿಡಿದು, ಎಸಿಯ ತೊಟ್ಟಿಕ್ಕುವ ನೀರು ಕುಡಿದು, ಒಮಾನಿನ ಬಿಸಿಲಿಗೇ ಸಡ್ಡು ಹೊಡೆದು ಮೇಲೇರಿತು. ಬಳ್ಳಿ ಮರ, ಗ್ರಿಲ್ ಲೋಹ, ಬಿಸಿಲು ಬೆಂಕಿ, ಎಸಿಯದು ನೀರು, ಕುಂಡದಲ್ಲಿ ಮಣ್ಣು: ಐದೂ ಒಂದೇ ಬಾಲ್ಕನಿಯಲ್ಲಿ ಎಂದು ಭಾವ ಕಟ್ಟಡದವರನ್ನೆಲ್ಲ ಕರೆದು ತೋರಿಸಿದರು, ಬಂದವರ ನಾಲಿಗೆಯನ್ನೂ ನೋಡಿ ಕಳಿಸಿದರು. ಕೆಮ್ಮು ಯಾವಾಗ ಬಿಟ್ಟಿತೋ ನನಗೇ ತಿಳಿಯದು. ತಾನು ಎಸಿಯ ಫಿಲ್ಟರ್ ತೊಳೆದದ್ದರಿಂದ ಎಂದು ನನ್ನ ಗಂಡ ಈಗಲೂ ವಾದಿಸುತ್ತಾರೆ. ಇರಲಿ ಪಾಪ.

ಪ್ರಾಕ್ಟೀಸಿಗೆ ಮರಳಿದೆ, ಆ ನವೆಂಬರಿನಲ್ಲೇ ಹಾಡಿದೆ. ಪಲ್ಲವಿ, ಎರಡೂ ಚರಣ, ಮತ್ತೆ ಪಲ್ಲವಿ, ಎಲ್ಲೂ ತಡೆಯಲಿಲ್ಲ! ಚಪ್ಪಾಳೆಯ ನಡುವೆ ನೋಡಿದರೆ, ಮೊದಲ ಸಾಲಿನಲ್ಲಿ ಭಾವ ಬಾಯಿ ತೆರೆದು ಬೆರಳು ತೋರಿಸುತ್ತಿದ್ದಾರೆ. ಸಿಸ್ಟರುಗಳು ಕ್ಷಮಿಸಲಿ, ತುಂಬಿದ ಸಭೆಯ ಮುಂದೆ ರೇಷ್ಮೆ ಸೀರೆಯಲ್ಲಿ ನಿಂತು ನಾಲಿಗೆ ಚಾಚಿದೆ.

ಏರ್‌ಪೋರ್ಟಿನಲ್ಲಿ ಆ ಮಣ್ಣನ್ನು ಹೇಗೆ ಬಿಟ್ಟರು ಎಂದು ಯಾರು ಕೇಳಿದರೂ ಭಾವನ ಬಳಿ ಒಂದು ದೊಡ್ಡ ಕಥೆಯಿತ್ತು: ಕಸ್ಟಮ್ಸಿನವನಿಗೆ ಐದು ಮೂಲವಸ್ತುಗಳನ್ನೂ ವಿವರಿಸಿದೆ, ಅವನಿಗೆ ತಲೆ ತಿರುಗಿತು, ಕೈಮುಗಿದು ಬಿಟ್ಟ. ನಾವು ಪ್ರತಿಸಲವೂ ನಕ್ಕಿದ್ದೆವು.

ಒಂದು ದಿನ ಬಸಳೆ ಸೋಸುತ್ತಾ ಅಕ್ಕ ಹೇಳಿದರು. ಭಾವ ಏನನ್ನೂ ವಿವರಿಸಲಿಲ್ಲವಂತೆ. ಆ ಅಧಿಕಾರಿ ಡಬ್ಬ ತೆರೆದು, ಇದೇನೆಂದು ಕೇಳಿದ. ಮದ್ದು ಎಂದರು ಭಾವ. ಯಾವ ಕಾಯಿಲೆಗೆ ಎಂದು ಅವನು ಕೇಳಿದಾಗ, ಊರೆಲ್ಲ ಭಾಷಣ ಮಾಡುವ ಮನುಷ್ಯ ಮುಚ್ಚಳದ ಅಕ್ಷರದ ಮೇಲೆ ಬೆರಳಿಟ್ಟು, ಹರಕು ಅರಬ್ಬಿಯಲ್ಲಿ ಇಷ್ಟೇ ಹೇಳಿದರಂತೆ: “ಉಮ್ಮಾ ಮಾಫಿ.” ತಾಯಿ ಇಲ್ಲ.

ಅವನು ಮುಚ್ಚಳವನ್ನು ಎರಡೂ ಅಂಗೈಯಲ್ಲಿ ಒತ್ತಿ ಭದ್ರಪಡಿಸಿ, ಡಬ್ಬವನ್ನು ಭಾವನ ಕೈಗೇ ಕೊಟ್ಟನಂತೆ.

ಆ ಸಂಜೆ ಸಾರಿನ ಪಾತ್ರೆ ಹಿಡಿದು ಎದುರು ಬಾಗಿಲು ತಟ್ಟಿದೆ. ಭಾವ ತೆರೆದರು. ಅವರು ಕೇಳುವ ಮೊದಲೇ ನಾಲಿಗೆ ತೋರಿಸಿದೆ. ಬೇರೇನನ್ನು ಹೇಳಲೂ ಅದು ಏಳಲಿಲ್ಲ.