ಲಗಮಣ್ಣನ ಗ್ರಾಮೋಫೋನು

"ಇವತ್ತಿನಿಂದ ಈ ಮನಿಯೊಳಗ ಸಾಲ ಅನ್ನೋದು ಕಾಲಿಡಂಗಿಲ್ಲ!" ಅಂತ ಲಗಮಣ್ಣ ಜಮಖಂಡಿಯ ತನ್ನ ಮನೆಯ ಪಡಸಾಲೆಯಲ್ಲಿ ನಿಂತು ಘೋಷಿಸಿದ.

"ಒಂದೀಟ ಸರದ ನಿಂದರ್ರಿ, ಕಸಾ ಹೊಡಿಬೇಕು," ಅಂದಳು ಹೆಂಡತಿ ಸಿದ್ದಕ್ಕ.

ಲಗಮಣ್ಣ ಕಚೇರಿಯ ಹೆಡ್ ಕ್ಲಾರ್ಕು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ಪಗಾರ ಭರ್ಜರಿಯಾಗಿ ಏರಿತ್ತು. ಆದರೆ ಅವನ ಕೈ ಪಗಾರಕ್ಕಿಂತ ಉದ್ದ! ಕಂಡದ್ದೆಲ್ಲ ಇವತ್ತೇ ಬೇಕು, ರೊಕ್ಕ ಕೊಡುವುದು ಮಾತ್ರ ಬರುವ ತಿಂಗಳು. ಸಾಲ ಕೊಟ್ಟವರು ಬಾಗಿಲಿಗೆ ಸಾಲುಗಟ್ಟಿ ಬರುತ್ತಿದ್ದರು. ಬನಹಟ್ಟಿಯ ಸೀರೆ ವ್ಯಾಪಾರಿ ಗಿರಿಮಲ್ಲಪ್ಪನಂತೂ ರೋಸಿಹೋಗಿ, "ಸಂಕ್ರಮಣದೊಳಗ ಬಾಕಿ ಬರಲಿಲ್ಲಂದ್ರ ಕಚೇರಿಗೇ ಬಂದು ಸಾಹೇಬ್ರ ಮುಂದ ಕೇಳತೇನಿ," ಅಂದಿದ್ದ. ಅದಕ್ಕೇ ಈ ಭೀಷಣ ಶಪಥ.

ಮನೆಯಲ್ಲಿದ್ದ ಗ್ರಾಮೋಫೋನು ಮಾರಿ ಗಿರಿಮಲ್ಲಪ್ಪನ ಬಾಕಿ ತೀರಿಸುವುದೆಂದು ಗಟ್ಟಿಯಾಯಿತು. ಲಗಮಣ್ಣ ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮುಧೋಳಕ್ಕೆ ಹೋದ. ಅಲ್ಲಿ ಚಹಾದ ಅಂಗಡಿಯ ಗುರಪ್ಪ ಒಂದು ಹಾಡು ಕೇಳಿ ತಲೆದೂಗಿದ.

"ಛಲೋ ಐತ್ರಿ, ತಗೊಂಡೆ! ರೊಕ್ಕ ಮಾತ್ರ ಬರೋ ವಾರ. ನಿಮ್ಮಂಥ ಪಗಾರದವರಿಗೆ ಅವಸರ ಏನ್ರಿ?"

ಜೀವಮಾನವಿಡೀ ಉದ್ದರಿ ತಂದವ! ಇನ್ನೊಬ್ಬರಿಗೆ ಉದ್ದರಿ ಇಲ್ಲ ಅನ್ನಲು ಅವನ ನಾಲಿಗೆ ಹೊರಳಲೇ ಇಲ್ಲ.

ಮುಂದಿನ ರವಿವಾರ ವಸೂಲಿಗೆ ಹೋದ. "ಕುಂದರ್ರಿ, ಗಲ್ಲಾ ತುಂಬಲಿ," ಅಂದ ಗುರಪ್ಪ. ಹೆಡ್ ಕ್ಲಾರ್ಕು ಸುಮ್ಮನೆ ಕೂತರೆ ಮಾನ ಏನಾದೀತು? ಚಹಾ ಹೇಳಿದ, ಮಿರ್ಚಿ ಭಜಿ ಹೇಳಿದ. ಗ್ರಾಮೋಫೋನು ಹಾಡುತ್ತಿತ್ತು, ಜನ ನೆರೆದಿದ್ದರು.

"ಯಾರದ್ರಿ ಈ ಹಾಡೋ ಪೆಟಗಿ?" ಅಂತ ಒಬ್ಬ ಕೇಳಿದ್ದೇ ತಡ, ಲಗಮಣ್ಣನ ಎದೆ ಉಬ್ಬಿತು.

"ನಂದ! ಗುರಪ್ಪಾ, ಎಲ್ಲಾರಿಗೂ ಭಜಿ ಕೊಡು. ನನ್ನ ಲೆಕ್ಕಕ್ಕ ಹಿಡಿ!"

ರವಿವಾರಗಳು ಹೀಗೇ ಉರುಳಿದವು. ವಸೂಲಿಯ ಮಾತು ಬಂದಾಗೆಲ್ಲ ಗುರಪ್ಪ ಹೊಸ ಹಾಡು ಹಚ್ಚುತ್ತಿದ್ದ. ಜನ ಹೆಚ್ಚುತ್ತಿದ್ದರು, ಲಗಮಣ್ಣನ ಲೆಕ್ಕದಲ್ಲಿ ಭಜಿ ಕರಗುತ್ತಿತ್ತು.

ಸಂಕ್ರಮಣ ಹತ್ತಿರ ಬಂತು. ಪಗಾರ ಕೈಗೆ ಬಂದ ದಿನ ಲಗಮಣ್ಣ ಅರ್ಧ ದಿನ ರಜೆ ಹಾಕಿ ಮುಧೋಳಕ್ಕೆ ಓಡಿದ. ಭಜಿಯ ಕಡೆ ಕಣ್ಣೆತ್ತಿಯೂ ನೋಡದೆ, "ಇವತ್ತ ರೊಕ್ಕ ತಗೊಂಡ ಏಳಾಂವ!" ಅಂದ.

ಗುರಪ್ಪ ಕೈಮುಗಿದ. "ಸಾಹೇಬ್ರ, ಪೆಟಗಿ ರೊಕ್ಕ ದೀವಳಿಗ್ಯಾಗ ಮುಟ್ಟೇತ್ರಿ, ಭಜಿಯೊಳಗ! ಆಮ್ಯಾಲಿಂದ ತಿಂದದ್ದು ನೀವ ನನಗ ಕೊಡಬೇಕು."

"ಬರೋ ತಿಂಗಳ" ಅನ್ನುವ ಮಾತು ಲಗಮಣ್ಣನ ಗಂಟಲಿನ ತನಕ ಬಂದಿತ್ತು. ನುಂಗಿಕೊಂಡ. ಕಿಸೆಯಿಂದ ರೊಕ್ಕ ತೆಗೆದು ಅಲ್ಲೇ ಕೊಟ್ಟುಬಿಟ್ಟ. ಹುಟ್ಟಿದ ಮೇಲೆ ಮೊದಲ ಸಲ, ರೋಖ! ಒಂದು ಕಪ್ ಚಹಾ ಸಹ ಕುಡಿಯದೆ ಬಸ್ಸು ಹತ್ತಿದ.

ಮನೆಯ ಕಟ್ಟೆಯ ಮೇಲೆ ಗಿರಿಮಲ್ಲಪ್ಪ ಕೂತಿದ್ದ. ಅವನೆದುರಿಗೇ ಲಗಮಣ್ಣ ನಡೆದದ್ದನ್ನೆಲ್ಲ ಹೇಳಿ, ಉಳಿದ ಪಗಾರವನ್ನು ಸಿದ್ದಕ್ಕನ ಕೈಗಿಟ್ಟ.

"ಇನ್ನ ಮ್ಯಾಲೆ ಪಗಾರ ನಿನ್ನ ಕೈಯಾಗ. ನಾ ಕೇಳಿದ್ರೂ ಕೊಡಬ್ಯಾಡ."

ಸಿದ್ದಕ್ಕ ಅರ್ಧವನ್ನು ಗಿರಿಮಲ್ಲಪ್ಪನಿಗೆ ಕೊಟ್ಟು, ಉಳಿದದ್ದನ್ನು ಸೆರಗಿನಲ್ಲಿ ಗಂಟು ಹಾಕಿ, "ಬಾಕಿದ್ದು ಬರೋ ತಿಂಗಳ ಕೊಡತೇನ್ರಿ," ಅಂದಳು. ಹೇಳಿದವಳು ಅವಳಾದ್ದರಿಂದ ಗಿರಿಮಲ್ಲಪ್ಪ ನಂಬಿದ.

ಅಷ್ಟರಲ್ಲಿ ಹಸಿದ ಲಗಮಣ್ಣನ ಹೊಟ್ಟೆ ಗುರ್ರ್ ಎಂದು ದೊಡ್ಡದಾಗಿ ಕೂಗಿತು.

"ಏನ್ರಿ ಅದು ಸಪ್ಪಳ?" ಗಿರಿಮಲ್ಲಪ್ಪ ಬೆಚ್ಚಿದ.

"ನಮ್ಮ ಗ್ರಾಮೋಫೋನ್ರಿ," ಅಂದಳು ಸಿದ್ದಕ್ಕ. "ಭಜಿ ಮಾಡಿ ತಿಂದ ಬಂದಾರಲ್ಲ, ಒಳಗ ಹಾಡಾಕತ್ತೈತಿ!"